ಸದ್ದು ಜಾಸ್ತಿಯಾದರೆ ಶಕ್ತಿ ಜಾಸ್ತಿಯೇ? ಒಂದು ಹಳೆಯ ಕಾರಿನ ಹೊಗೆಕೊಳವೆಯ ಲೆಕ್ಕ

ಮಕ್ಕಳೇ, ಸೈಲೆನ್ಸರ್ ಕಳಚಿದ ಬೈಕೊಂದು ಶಾಲೆಯ ಗೇಟಿನ ಮುಂದೆ ಹೋದರೆ ಪಾಠ ಅರ್ಧ ನಿಮಿಷ ನಿಲ್ತದೆ. ಹಿಂದಿನ ಬೆಂಚಿನಿಂದ ಒಂದು ಮಾತೂ ಬರ್ತದೆ: "ಸೈಲೆನ್ಸರ್ ತೆಗೆದ್ರೆ ಪವರ್ ಜಾಸ್ತಿ ಆಗ್ತದೆ ಮಾಷ್ಟ್ರೇ." ಹೊಗೆಗೆ ದಾರಿ ಸಲೀಸಾದರೆ ಎಂಜಿನ್ನಿಗೆ ಹಗುರ, ಆದ್ದರಿಂದ ಶಕ್ತಿ ಹೆಚ್ಚು ಅಂತ ವಾದ. ಇದರಲ್ಲಿ ಸ್ವಲ್ಪ ನಿಜ ಇದೆ, ಬಹಳಷ್ಟು ತಪ್ಪು ಇದೆ. ಎಷ್ಟು ನಿಜ, ಎಷ್ಟು ತಪ್ಪು ಎಂದು ತಿಳಿಯಲು ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳೋಣ. ನಿಮಗೆ ಬೇಕಾದದ್ದು ಒಂಬತ್ತು, ಹತ್ತನೇ ತರಗತಿಯ ಶಬ್ದ ಮತ್ತು ಉಷ್ಣದ ಪಾಠ, ಜೊತೆಗೆ ಒಂದು ಪೆನ್ಸಿಲ್.

ಆ ಕಾರಿನ ಹೆಸರು ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಸೀಟಿನ ಸಣ್ಣ ಕ್ರೀಡಾ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಬ್ರಿಟನ್, ಅಮೆರಿಕಗಳಲ್ಲಿ ಇಂದಿಗೂ ಜನ ಇದನ್ನು ಮನೆಯ ಶೆಡ್ಡಿನಲ್ಲಿಟ್ಟುಕೊಂಡು ಕೈಯಾರೆ ರಿಪೇರಿ ಮಾಡುತ್ತಾರೆ. ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದರ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್, 1798 ಸಿಸಿ. ಅದೇ ಬಿ-ಸೀರೀಸಿನ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್ ಕಾರಿನಲ್ಲಿತ್ತು. ನಿಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಜ್ಜಂದಿರ ಕಾಲದಿಂದ ನಿಂತಿದ್ದ ಬಿಳಿ ಅಂಬಾಸಿಡರ್ ಮತ್ತು ಅಬಿಂಗ್ಡನ್ನಿನ ಕ್ರೀಡಾ ಕಾರು ಎಂಜಿನ್ನಿನ ಮಟ್ಟಿಗೆ ಅಣ್ಣ ತಮ್ಮಂದಿರು.

ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಬರುವ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಕೆಳಗಿನ ಕೊಳವೆಗೆ ಇಳಿಸುವ ಭಾಗಕ್ಕೆ ಮ್ಯಾನಿಫೋಲ್ಡ್ ಎಂದು ಹೆಸರು. ಕಾರ್ಖಾನೆಯಿಂದ ಬರುವಾಗ ಅದು ದಪ್ಪ ಎರಕದ ಕಬ್ಬಿಣದ್ದು. ಅದನ್ನು ತೆಗೆದು, ಬೇರೆ ತಯಾರಕರು ಮಾಡಿ ಮಾರುವ, ಉಕ್ಕಿನ ತೆಳು ಕೊಳವೆಗಳನ್ನು ಬಗ್ಗಿಸಿ ಬೆಸೆದ ಮ್ಯಾನಿಫೋಲ್ಡನ್ನು ಹಾಕುವುದುಂಟು. ಅದಕ್ಕೆ ಹೆಡರ್ ಎನ್ನುತ್ತಾರೆ. ಕಾಸರಗೋಡಾದರೇನು, ಸೊಲ್ಲಾಪುರವಾದರೇನು, ಗ್ಯಾರೇಜಿನಲ್ಲಿ ನಟ್ಟು ನಟ್ಟೇ, ವಾಷರ್ ವಾಷರ್ರೇ. ಹಾಗಾಗಿ ಈ ಹೆಸರುಗಳನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ಕೊಳವೆಯೊಳಗೆ ಓಡುವುದು ಬರೀ ಹೊಗೆಯಲ್ಲ

ಹೊಗೆಯ ವಾಲ್ವು ತೆರೆದ ಕ್ಷಣ ಸಿಲಿಂಡರಿನೊಳಗಿನ ಅನಿಲದ ಒತ್ತಡ ಹೊರಗಿನ ವಾಯುಭಾರಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಅದು ಒಮ್ಮೆಲೇ ಕೊಳವೆಗೆ ನುಗ್ಗುತ್ತದೆ. ಆಗ ಎರಡು ಓಟಗಳು ಶುರುವಾಗುತ್ತವೆ. ಒಂದು, ಅನಿಲವೇ ಸಾಗುವುದು. ಇನ್ನೊಂದು, ಆ ಒತ್ತಡದ ಏಟು ಸಂಪೀಡನದ ಅಲೆಯಾಗಿ ಅನಿಲಕ್ಕಿಂತ ಬೇಗ ಮುಂದೆ ಓಡುವುದು. ಈ ಎರಡನೆಯದು ಶಬ್ದದ ವೇಗದಲ್ಲಿ ಹೋಗುತ್ತದೆ, ಯಾಕೆಂದರೆ ಅದು ಶಬ್ದವೇ.

ಈ ಅಲೆ ಕೊಳವೆಯ ತುದಿಗೆ ಮುಟ್ಟಿದಾಗ ಏನಾಗ್ತದೆ? ಹೊರಗೆ ಹೋಗಿ ಮುಗೀತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಇಲ್ಲ. ಒಂದು ಹಗ್ಗದ ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಮೇಲಕ್ಕೆ ಜಾಡಿಸಿ ನೋಡಿ. ಉಬ್ಬು ಸರಳಿನವರೆಗೆ ಓಡಿ, ತಲೆಕೆಳಗಾಗಿ, ತಗ್ಗಾಗಿ ಹಿಂದೆ ಬರ್ತದೆ. ಕಟ್ಟಿದ ತುದಿ ಅಲುಗಲಾರದು, ಅದಕ್ಕೇ ಹೀಗೆ. ತೆರೆದ ಕೊಳವೆಯ ತುದಿಯಲ್ಲಿ ಒತ್ತಡದ ಕಥೆಯೂ ಇದೇ. ಅಲ್ಲಿ ಒತ್ತಡ ಹೊರಗಿನ ವಾಯುಭಾರಕ್ಕೆ ಕಟ್ಟಿಹಾಕಿದ ಹಾಗೆ, ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತಿಲ್ಲ. ಆದ್ದರಿಂದ ಹೋದ ಸಂಪೀಡನ ವಿರಳನವಾಗಿ, ಅಂದರೆ ಕಡಿಮೆ ಒತ್ತಡದ ಅಲೆಯಾಗಿ ಎಂಜಿನ್ನಿನ ಕಡೆಗೆ ವಾಪಸು ಬರುತ್ತದೆ. ಕೊಳವೆ ದೊಡ್ಡ ಡಬ್ಬಿಯೊಳಗೆ ತೆರೆದುಕೊಂಡರೂ ಹೆಚ್ಚುಕಡಿಮೆ ಇದೇ ಆಗುತ್ತದೆ. ಕೊಳವೆಗಳು ಒಂದಕ್ಕೊಂದು ಸೇರುವ ಕಡೆಯೂ ಅಲೆಯ ಒಂದು ಪಾಲು ಹೀಗೆ ಹಿಂದಿರುಗುತ್ತದೆ.

ಕಡಿಮೆ ಒತ್ತಡದ ಅಲೆ ಸರಿಯಾದ ಹೊತ್ತಿಗೆ ವಾಲ್ವಿನ ಬಾಯಿಗೆ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ತೆಗೆಯುತ್ತದೆ. ಸರಿಯಾದ ಹೊತ್ತು ಯಾವುದು? ಎಂಜಿಬಿಯ ಮೂಲ ಕ್ಯಾಮ್ ಪ್ರಕಾರ ಹೊಗೆಯ ವಾಲ್ವು ಪಿಸ್ಟನ್ ತಳ ಮುಟ್ಟುವುದಕ್ಕೆ 51 ಡಿಗ್ರಿ ಮೊದಲೇ ತೆರೆದು, ಮೇಲ್ತುದಿ ದಾಟಿ 21 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. ಗಾಳಿ ಹೀರುವ ವಾಲ್ವು ಮೇಲ್ತುದಿಗೆ 16 ಡಿಗ್ರಿ ಮೊದಲು ತೆರೆಯುತ್ತದೆ. ಕೂಡಿಸಿ ನೋಡಿ: 16 + 21 = 37 ಡಿಗ್ರಿಯಷ್ಟು ಹೊತ್ತು ಎರಡೂ ವಾಲ್ವುಗಳು ತೆರೆದೇ ಇರುತ್ತವೆ. ವಿರಳನ ಆ ಹೊತ್ತಿಗೆ ಬಂದು ಮುಟ್ಟಿದರೆ ಹಳೆ ಹೊಗೆ ಹೊರಗೆ ಹೋಗುವುದಲ್ಲದೆ ಹೊಸ ಗಾಳಿಯೂ ಎಳೆದುಕೊಂಡು ಬರ್ತದೆ. ಹೆಡರಿನ ಗುಟ್ಟು ಇದು. ದಾರಿ ಅಗಲವಾಗಿದೆಯೋ ಎನ್ನುವಷ್ಟೇ ಮುಖ್ಯ, ಪ್ರತಿಧ್ವನಿ ಯಾವಾಗ ಬರುತ್ತದೆ ಎನ್ನುವುದು.

ಲೆಕ್ಕ ಮಾಡೋಣ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಬಿಸಿ ಏರಿದಂತೆ ವೇಗವೂ ಏರುತ್ತದೆ, ಆದರೆ ಕೆಲ್ವಿನ್ ತಾಪದ ವರ್ಗಮೂಲದ ಪ್ರಮಾಣದಲ್ಲಿ. ಕೊಳವೆಯೊಳಗೆ 480 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳಿ. ಅದು 753 ಕೆಲ್ವಿನ್. 20 ಡಿಗ್ರಿ ಎಂದರೆ 293 ಕೆಲ್ವಿನ್. 753ನ್ನು 293ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.6. 343 × 1.6 = ಸುಮಾರು 550 ಮೀಟರ್. ಹೊಗೆ ಎಂದರೆ ಶುದ್ಧ ಗಾಳಿಯಲ್ಲ, ಆದರೂ ಈ ಅಂದಾಜಿಗೆ ಇಷ್ಟು ಸಾಕು.

ವಾಲ್ವಿನಿಂದ ಸೈಲೆನ್ಸರಿನ ದೊಡ್ಡ ಡಬ್ಬಿಯವರೆಗೆ ಕೊಳವೆ 1.8 ಮೀಟರ್ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹೋಗಿ ಬರಲು 3.6 ಮೀಟರ್. 3.6 ÷ 550 = 0.0065 ಸೆಕೆಂಡ್, ಅಂದರೆ 6.5 ಮಿಲಿಸೆಕೆಂಡ್. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿಗೆ 30 ಡಿಗ್ರಿ ತಿರುಗುತ್ತದೆ. ಅಲೆ ವಾಪಸು ಬರುವಷ್ಟರಲ್ಲಿ 196 ಡಿಗ್ರಿ. ಹೊಗೆಯ ಜೋರಾದ ಏಟು ಪಿಸ್ಟನ್ ತಳದ ಆಸುಪಾಸಿನಲ್ಲಿ ಹೊರಟಿತೆಂದರೆ, ಅರ್ಧ ಸುತ್ತು ಕಳೆದು ಪಿಸ್ಟನ್ ಮೇಲ್ತುದಿ ಮುಟ್ಟುವ ಹೊತ್ತಿಗೆ ಪ್ರತಿಧ್ವನಿ ಹಾಜರು. ಬಹಳ ಒಳ್ಳೆಯದು.

ಈಗ ಅದೇ ಕಾರು ಪೇಟೆಯೊಳಗೆ 2500 ಸುತ್ತಿನಲ್ಲಿ ಹೋಗುತ್ತಿದೆ. ಮಿಲಿಸೆಕೆಂಡಿಗೆ 15 ಡಿಗ್ರಿ. ಅಲೆ 98 ಡಿಗ್ರಿಗೇ ಬಂದುಬಿಟ್ಟಿತು, ಪಿಸ್ಟನ್ ಇನ್ನೂ ನಡುದಾರಿಯಲ್ಲಿದೆ. ಅಲ್ಲಿಂದ ಅದು ಮತ್ತೆ ಕೊಳವೆಯ ತುದಿಗೆ ಓಡಿ, ಮತ್ತೊಮ್ಮೆ ತಲೆಕೆಳಗಾಗಿ, ಈ ಸಲ ಸಂಪೀಡನವಾಗಿ 196 ಡಿಗ್ರಿಗೆ ಬರುತ್ತದೆ. ಎರಡೂ ವಾಲ್ವು ತೆರೆದಿರುವ ಅದೇ ಸೂಕ್ಷ್ಮ ಹೊತ್ತಿನಲ್ಲಿ ಹೊಗೆಯನ್ನು ಒಳಗೆ ತಳ್ಳುತ್ತದೆ! 5000ದಲ್ಲಿ ಕೈ ಹಿಡಿದ ಕೊಳವೆಯೇ 2500ರಲ್ಲಿ ಕಾಲು ಎಳೆಯಿತು. ನಿಜವಾದ ಕೊಳವೆಯಲ್ಲಿ ಹಲವು ಪ್ರತಿಧ್ವನಿಗಳು ಕಲಸಿಕೊಂಡಿರುವುದರಿಂದ ಅಂಕಿಗಳು ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೆ ತತ್ವ ಇದೇ. "ಎಲ್ಲ ವೇಗದಲ್ಲೂ ಶಕ್ತಿ ಹೆಚ್ಚಿಸುವ ಹೆಡರ್" ಎಂದು ಯಾರಾದರೂ ಮಾರಿದರೆ ಈ ಪುಟವನ್ನು ತೋರಿಸಿ.

ಯಾರ ಜೊತೆ ಯಾರನ್ನು ಸೇರಿಸಬೇಕು

ಬಿ-ಸೀರೀಸ್ ಎಂಜಿನ್ನಿಗೆ ಸಿಲಿಂಡರ್ ನಾಲ್ಕು, ಆದರೆ ಹೊಗೆ ಹೊರಬರುವ ಬಾಯಿ ಮೂರೇ. 2 ಮತ್ತು 3ನೇ ಸಿಲಿಂಡರುಗಳು ನಡುವಿನ ಒಂದೇ ಬಾಯನ್ನು ಹಂಚಿಕೊಂಡಿವೆ. ಇಬ್ಬರಿಗೆ ಒಂದೇ ಬಾಗಿಲು ಎಂದರೆ ಜಗಳ ಆಗಬೇಕಲ್ಲ? ಆಗುವುದಿಲ್ಲ. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಉರಿಯುವ ಕ್ರಮ 1, 3, 4, 2. ಒಂದರಿಂದ ಒಂದಕ್ಕೆ 180 ಡಿಗ್ರಿ ಅಂತರ. 3 ಉರಿದ ಮೇಲೆ 4, ಅದರ ನಂತರ 2. ಹಾಗಾಗಿ 3ಕ್ಕೂ 2ಕ್ಕೂ ನಡುವೆ 360 ಡಿಗ್ರಿ, ಪೂರ್ತಿ ಒಂದು ಸುತ್ತು ಬಿಡುವು. ಒಬ್ಬರು ಹೊರಗೆ ಹೋಗಿ ಬಾಗಿಲು ಖಾಲಿಯಾದ ಮೇಲೆ ಇನ್ನೊಬ್ಬರು.

1 ಮತ್ತು 4ನ್ನು ನೋಡಿ. ಅವಕ್ಕೂ 360 ಡಿಗ್ರಿ ಅಂತರ. ಆದ್ದರಿಂದ ಚೆನ್ನಾಗಿ ಯೋಚಿಸಿ ಮಾಡಿದ ಹೆಡರಿನಲ್ಲಿ ಎರಡು ತುದಿಯ ಕೊಳವೆಗಳನ್ನು ಮೊದಲು ಒಂದಕ್ಕೊಂದು ಸೇರಿಸಿ, ನಡುವಿನ ಕೊಳವೆಯನ್ನು ಉದ್ದವಾಗಿ ಒಂಟಿಯಾಗಿಯೇ ಕೆಳಗಿಳಿಸಿ, ಆಮೇಲೆ ಎರಡನ್ನೂ ಕೂಡಿಸುತ್ತಾರೆ. ಕ್ರಮವನ್ನು ಮತ್ತೆ ಓದಿ: 1, 3, 4, 2. ಅಂಚು, ನಡು, ಅಂಚು, ನಡು. ಕೋಲಾಟದ ಹಾಗೆ ಸರದಿ ತಪ್ಪದೆ ಏಟು ಬೀಳುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದು. ಯಂತ್ರದ ಒಂದು ಕೊರತೆ ಎಂದು ಕಾಣುವ ಜೋಡಿ ಬಾಯಿ, ಸರಳ ಎಣಿಕೆ ಮಾಡಿದರೆ ಕೊರತೆಯಾಗಿ ಉಳಿಯುವುದೇ ಇಲ್ಲ.

ಎಂಜಿಬಿಯ ಮೂಲ ಎರಕದ ಮ್ಯಾನಿಫೋಲ್ಡ್ ಕೂಡ ಕೆಟ್ಟದ್ದೇನಲ್ಲ. ಮೂರು ಬಾಯಿಗೂ ಪ್ರತ್ಯೇಕ ಕೊಂಬೆ ಕೊಟ್ಟು ಚೆನ್ನಾಗಿಯೇ ಮಾಡಿದ್ದಾರೆ. 95 ಅಶ್ವಶಕ್ತಿಯ ಆ ಎಂಜಿನ್ನಿಗೆ ಬೇರೇನೂ ಬದಲಿಸದೆ ಹೆಡರ್ ಮಾತ್ರ ಹಾಕಿದರೆ ಸಿಗುವುದು ಬೆರಳೆಣಿಕೆಯ ಅಶ್ವಶಕ್ತಿ. 1975ರ ನಂತರ ಅಮೆರಿಕಕ್ಕೆ ಹೋದ ಎಂಜಿಬಿಗಳ ಕಥೆ ಬೇರೆ. ಅವುಗಳಲ್ಲಿ ಒಂದೇ ಕಾರ್ಬುರೇಟರ್, ಗಾಳಿ ಬರುವ ದಾರಿ ಮತ್ತು ಹೊಗೆ ಹೋಗುವ ದಾರಿ ಒಂದೇ ಎರಕದಲ್ಲಿ. ಅಲ್ಲಿ ಇಡೀ ಜೋಡಣೆಯನ್ನೇ ಬದಲಿಸಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕೂರಿಸುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಾಗಬೇಕು. ಬ್ಯಾಟರಿಯ ತಂತಿ ಬಿಚ್ಚಬೇಕು, ಯಾಕೆಂದರೆ ಮುಂದಿನ ಕೆಲಸ ಪೆಟ್ರೋಲಿನ ಪಕ್ಕದಲ್ಲಿ. ಈ ಎಂಜಿನ್ನಿನಲ್ಲಿ ಗಾಳಿಯ ದಾರಿಯೂ ಹೊಗೆಯ ದಾರಿಯೂ ಒಂದೇ ಬದಿಯಲ್ಲಿವೆ, ಹೊಗೆಯದು ಕೆಳಗೆ, ಕಾರ್ಬುರೇಟರುಗಳು ಮೇಲೆ. ಹಾಗಾಗಿ ಮೊದಲು ಕಾರ್ಬುರೇಟರ್ ಇಳಿಸಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಅರ್ಧ ಕೆಲಸ ಆದಂತೆ. ಅವಸರದಲ್ಲಿ ತಿರುಗಿಸಿದರೆ ಸ್ಟಡ್ ಮುರಿದು ಎಂಜಿನ್ನಿನೊಳಗೇ ಉಳಿಯುತ್ತದೆ. ಹೊಸದಾಗಿ ಹಾಕುವಾಗ ಹಿತ್ತಾಳೆಯ ನಟ್ಟು ಹಾಕುತ್ತಾರೆ. ಕಬ್ಬಿಣದ ಸ್ಟಡ್ಡಿನ ಮೇಲೆ ಹಿತ್ತಾಳೆ ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ.

ಈಗ ಹೆಚ್ಚಿನವರು ಗಮನಿಸದ ಒಂದು ಸಣ್ಣ ಸಂಗತಿ. ಎಂಜಿಬಿಯಲ್ಲಿ ಕೆಲವು ಸ್ಟಡ್ಡುಗಳ ದಪ್ಪ ವಾಷರ್ ಅರ್ಧ ಗಾಳಿ ಮ್ಯಾನಿಫೋಲ್ಡಿನ ಅಂಚಿನ ಮೇಲೂ, ಅರ್ಧ ಹೊಗೆ ಮ್ಯಾನಿಫೋಲ್ಡಿನ ಅಂಚಿನ ಮೇಲೂ ಕೂತು ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಮೂಲ ಭಾಗಗಳಲ್ಲಿ ಎರಡು ಅಂಚುಗಳ ದಪ್ಪ ಒಂದೇ. ಹೊಸ ಹೆಡರಿನ ಅಂಚು 2 ಮಿಲಿಮೀಟರ್ ತೆಳುವಾಗಿದ್ದರೆ? ವಾಷರ್ ಓರೆಯಾಗಿ ಕೂರುತ್ತದೆ, ಬಲವೆಲ್ಲ ದಪ್ಪ ಅಂಚಿನ ಮೇಲೆ ಬಿದ್ದು ಹೆಡರ್ ಸಡಿಲವಾಗಿಯೇ ಉಳಿಯುತ್ತದೆ. ನಟ್ಟು ಬಿಗಿಯಾಗಿದೆ ಅಂತ ಕೈ ಹೇಳ್ತದೆ, ಹೊಗೆ ಮಾತ್ರ ಸೋರ್ತಾ ಇರ್ತದೆ. ಇನ್ನಷ್ಟು ಬಿಗಿ ಮಾಡಿದರೆ ಸ್ಟಡ್ ಬಾಗುತ್ತದೆ ಅಷ್ಟೆ. ಆದ್ದರಿಂದ ಕೂರಿಸುವ ಮೊದಲು ಕ್ಯಾಲಿಪರಿನಿಂದ ಎರಡರ ದಪ್ಪವನ್ನೂ ಅಳೆಯಬೇಕು, ವ್ಯತ್ಯಾಸವಿದ್ದರೆ ವಾಷರಿನಲ್ಲಿ ಅಷ್ಟು ಮೆಟ್ಟಿಲು ಕೊರೆಸಬೇಕು. ನೂರಾರು ಪೌಂಡ್ ಕೊಟ್ಟು ತಂದ ಹೆಡರ್ ಒಂದು ವಾಷರಿನಿಂದ ಕೆಡಬಹುದು. ಅಂಚು ನೇರವಾಗಿದೆಯೇ ಎಂದೂ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು, ಬೆಸುಗೆಯ ಬಿಸಿಗೆ ತೆಳು ಲೋಹ ಸೊಟ್ಟಗಾಗಿರುತ್ತದೆ.

ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು. ಬೇಕಾದ ಬಲದ ಮಹತ್ವ ಸುಮಾರು 20 ನ್ಯೂಟನ್ ಮೀಟರ್. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ಆದರೆ 20 ÷ 0.15 = 133 ನ್ಯೂಟನ್, ಸುಮಾರು 13.5 ಕಿಲೋ ಅಕ್ಕಿ ಮೂಟೆ ನೇತುಹಾಕಿದಷ್ಟು. ಅದಕ್ಕಿಂತ ಹೆಚ್ಚಿಗೆ ಜೋಲಾಡುವುದು ಬೇಡ.

ಬಿಸಿಯ ಲೆಕ್ಕವನ್ನೂ ಮರೆಯುವಂತಿಲ್ಲ. ಸಾಧಾರಣ ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 12 × 10⁻⁶. 0.9 ಮೀಟರ್ ಕೊಳವೆ 500 ಡಿಗ್ರಿ ಏರಿದರೆ 5.4 ಮಿಲಿಮೀಟರ್ ಉದ್ದವಾಗುತ್ತದೆ. ಸ್ಟೇನ್‌ಲೆಸ್ ಉಕ್ಕಾದರೆ ಗುಣಾಂಕ 17 × 10⁻⁶, ಉದ್ದ 7.6 ಮಿಲಿಮೀಟರಿಗೂ ಹೆಚ್ಚುತ್ತದೆ. ಅದಕ್ಕೇ ಕೊಳವೆಯನ್ನು ಕಾರಿನ ತಳಕ್ಕೆ ಗಟ್ಟಿಯಾಗಿ ಬೋಲ್ಟ್ ಮಾಡದೆ ರಬ್ಬರಿನಲ್ಲಿ ತೂಗುಹಾಕುವುದು. ಎಡಗಡೆ ಸ್ಟೀರಿಂಗ್ ಇರುವ ಅಮೆರಿಕದ ಕಾರುಗಳಲ್ಲಿ ಸ್ಟೀರಿಂಗ್ ದಂಡ ಹೊಗೆಕೊಳವೆಯ ಬದಿಯಲ್ಲೇ ಇಳಿಯುತ್ತದೆ. ತಣ್ಣಗಿರುವಾಗ ಕೂದಲೆಳೆ ಜಾಗ ಬಿಟ್ಟು ಕೂರಿಸಿದರೆ ಬಿಸಿಯಾದಾಗ, ಎಂಜಿನ್ ತನ್ನ ರಬ್ಬರ್ ಆಧಾರದ ಮೇಲೆ ಅಲ್ಲಾಡಿದಾಗ ತಾಗುತ್ತದೆ. ಬೆರಳು ಆಡುವಷ್ಟಾದರೂ ಅಂತರ ಬೇಕು.

ಇನ್ನೊಂದು ತೊಂದರೆ ಮೇಲಿರುವ ಕಾರ್ಬುರೇಟರಿನದ್ದು. ಪೆಟ್ರೋಲಿನ ಹಗುರ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ತೆಳು ಕೊಳವೆ ಬೇಗ ಬಿಸಿಯಾಗಿ ಸುತ್ತಲೂ ಶಾಖ ಹೊರಸೂಸುತ್ತದೆ. ನಡುವೆ ಇದ್ದ ತಗಡಿನ ಶಾಖತಡೆಯನ್ನು "ಇದೊಂದು ಅಡ್ಡ" ಎಂದು ಬಿಸಾಕಿದರೆ ಬಿಸಿಲಿನ ದಿನ ಕಾರು ಸಿಗ್ನಲಿನಲ್ಲಿ ನಿಂತುಬಿಡುತ್ತದೆ. ಕೆಲವರು ಶಾಖ ತಡೆಯಲೆಂದು ಹೆಡರಿಗೆ ಪಟ್ಟಿ ಸುತ್ತುತ್ತಾರೆ. ಎಂಜಿನ್ ಕೋಣೆ ತಣ್ಣಗಿರುವುದು ನಿಜ, ಆದರೆ ಪಟ್ಟಿ ತೇವವನ್ನೂ ಹಿಡಿದಿಟ್ಟು ಸಾಧಾರಣ ಉಕ್ಕನ್ನು ಬೇಗ ತಿನ್ನಿಸುತ್ತದೆ. ನಮ್ಮ ಕರಾವಳಿಯ ಮಳೆಗಾಲಕ್ಕಂತೂ ಅದು ಆಗದ ಮಾತು.

ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಕೂರಿಸಿದ ಮೇಲೆ ಮೊದಲ ಸಲ ಎಂಜಿನ್ ಚಾಲೂ ಮಾಡುವುದು ಬಯಲಿನಲ್ಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಅಲ್ಲ. ಈ ಕಾಲದ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಮಂಪರಿನಲ್ಲಿರುವವನಿಗೆ ತಾನು ಅಪಾಯದಲ್ಲಿದ್ದೇನೆ ಎಂದು ತಿಳಿಯುವುದಿಲ್ಲ. ಹಿಂದಿನ ಸೈಲೆನ್ಸರ್ ಕೊನೆಯಲ್ಲಿ ಹೊರಬಂದರೆ ಹೊಗೆ ಕಾರಿನ ಹಿಂದೆ ಉಳಿಯುತ್ತದೆ. ಮ್ಯಾನಿಫೋಲ್ಡಿನಲ್ಲೇ ಸೋರಿದರೆ ಅದು ಕೂತವರ ಕಾಲಿನ ಮುಂದಿದೆ, ತಗಡಿನ ಒಂದು ಸಂದು ಸಿಕ್ಕಿದರೆ ಸಾಕು ಒಳಗೆ ಬರಲು.

ಸೋರಿಕೆ ಹುಡುಕುವುದು ಹೇಗೆ? ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಮೊದಲ ನಿಮಿಷದಲ್ಲಿ ಟಿಕ್ ಟಿಕ್ ಎಂಬ ಸದ್ದು ಬರುತ್ತದೆಯೇ ಕೇಳಬೇಕು. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡು ಸದ್ದು ಮಾಯವಾಗುವುದುಂಟು, ಹಾಗಂತ ಸೋರಿಕೆ ಸರಿಹೋಯಿತು ಎಂದಲ್ಲ. ಕೆಲವು ದಿನ ಓಡಿಸಿದ ಮೇಲೆ ಅಂಚಿನ ಬಳಿ ಕಪ್ಪು ಮಸಿ ಕಂಡರೆ ಅಲ್ಲೇ ಕಳ್ಳ. ಹೊಸ ಗ್ಯಾಸ್ಕೆಟ್ ಬಿಸಿಗೆ ಕುಗ್ಗುವುದರಿಂದ ಮೊದಲ ಕೆಲವು ಓಟಗಳ ನಂತರ, ತಣ್ಣಗಾದ ಮೇಲೆ, ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕು.

ಇನ್ನು ಹಿಂದಿನ ಬೆಂಚಿನ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ. 95 ಅಶ್ವಶಕ್ತಿ ಎಂದರೆ 95 × 746, ಸುಮಾರು 70,900 ವ್ಯಾಟ್. ಒಂದೇ ಒಂದು ವ್ಯಾಟ್ ಶಬ್ದಶಕ್ತಿ ಹೊರಬಿದ್ದರೆ ಹತ್ತಿರದಲ್ಲಿರುವವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಸೈಲೆನ್ಸರ್ ತೆಗೆದು ಊರಿಗೆಲ್ಲ ಕೇಳಿಸಿದ ಆ ಅಬ್ಬರ ಎಂಜಿನ್ನಿನ ಲೆಕ್ಕದಲ್ಲಿ ಚಿಲ್ಲರೆಯೂ ಅಲ್ಲ. ಮೇಲಾಗಿ ಸೈಲೆನ್ಸರ್ ತೆಗೆದಾಗ ಕೊಳವೆಯ ಉದ್ದ ಬದಲಾಗಿ, ತಯಾರಕರು ಕೂಡಿಸಿಟ್ಟ ಪ್ರತಿಧ್ವನಿಯ ಸಮಯವೂ ತಪ್ಪುತ್ತದೆ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ವಾಹನಕ್ಕೆ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ, ಅದು ಬೇರೆ ಮಾತು.

ಬಿಡಿಸಿ ನೋಡಿ

1. ಮೇಲಿನ 1.8 ಮೀಟರ್ ಕೊಳವೆಯನ್ನು 1.5 ಮೀಟರಿಗೆ ಇಳಿಸಿದರೆ, ಪ್ರತಿಧ್ವನಿ ಸರಿಯಾಗಿ 196 ಡಿಗ್ರಿಗೆ ಬರಲು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು?

2. ಎಂಜಿನ್ ಈಗಷ್ಟೇ ಚಾಲೂ ಆಗಿದೆ, ಕೊಳವೆಯೊಳಗಿನ ಅನಿಲ 200 ಡಿಗ್ರಿ ಸೆಲ್ಸಿಯಸ್ ಮಾತ್ರ. 1.8 ಮೀಟರ್ ಕೊಳವೆಯಲ್ಲಿ ಅಲೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಬೇಕು?

3. ಜಾಗ್ವಾರ್ ಇ-ಟೈಪ್ ಎಂಬ ಇನ್ನೊಂದು ಹಳೆಯ ಇಂಗ್ಲಿಷ್ ಕಾರಿನ ಆರು ಸಿಲಿಂಡರುಗಳು ಉರಿಯುವ ಕ್ರಮ 1, 5, 3, 6, 2, 4. ಅದರ ಹೊಗೆಕೊಳವೆಗಳನ್ನು ಮೂರು ಮೂರರಂತೆ ಎರಡು ಗುಂಪು ಮಾಡಬೇಕು, ಎರಡು ಗುಂಪುಗಳಿಗೂ ಸರದಿ ತಪ್ಪದೆ ಒಂದಾದ ಮೇಲೊಂದು ಏಟು ಬೀಳಬೇಕು. ಯಾವ ಮೂರು ಒಂದು ಗುಂಪು? ಕ್ರಮವನ್ನು ಹಾಳೆಯ ಮೇಲೆ ಬರೆದು, ಒಂದು ಬಿಟ್ಟು ಒಂದಕ್ಕೆ ವೃತ್ತ ಹಾಕಿ. ವೃತ್ತ ಬಿದ್ದ ಸಿಲಿಂಡರುಗಳು ಎಂಜಿನ್ನಿನಲ್ಲಿ ಎಲ್ಲಿ ಕೂತಿವೆ ಎಂದೂ ನೋಡಿ.